ವಾಚಿನ ಹಿಂದಿದ್ದ ಹೆಸರು

ವರ್ಷ ಸರಿಯಾಗಿ ನೆನಪಿಲ್ಲ, ಅಲ್ಲಿ ಎಷ್ಟು ಜನರಿದ್ದರೆಂಬುದೂ ತಪ್ಪಿರಬಹುದು. ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ, ಶಿವಮೊಗ್ಗದ ಕೋಟೆಯಲ್ಲಿ ಗೆಳತಿಯ ಮನೆ. ಅವಳ ಸೋದರಮಾವನೂ ಅವರ ಸ್ನೇಹಿತರೂ ತಾವು ಕೂಡಿಟ್ಟ ಹಳೆಯ ಕೈಗಡಿಯಾರಗಳನ್ನು ಚಾಪೆಯ ಮೇಲೆ ಹರಡಿಕೊಂಡಿದ್ದರು. ಒಂದೊಂದಕ್ಕೂ ಕೀ ಕೊಟ್ಟು, ಕಿವಿಗಿಟ್ಟು ಕೇಳಿ, ಆಮೇಲೆ ತಿರುಗಿಸಿ ಹಿಂಭಾಗ ಓದುವುದು ಅವರ ಕ್ರಮ.

ನನ್ನ ಕೈಗೆ ಬಂದ ವಾಚಿನ ಹಿಂದೆ, ಭದ್ರಾವತಿಯ ಕಾಗದದ ಕಾರ್ಖಾನೆಯ ಹೆಸರು ಮತ್ತು ಇಪ್ಪತ್ತೈದು ವರ್ಷಗಳ ಸೇವೆಗಾಗಿ ಎಂಬ ಅಕ್ಷರಗಳ ಕೆಳಗೆ, ನನ್ನ ಅಪ್ಪನ ಹೆಸರಿತ್ತು.

"ಇಲ್ಲೇ ನಮ್ಮ ಗಾಂಧಿ ಬಜಾರಲ್ಲಿ ಸಿಕ್ತು. ಫ್ಯಾಕ್ಟರಿಯೋರು ಸನ್ಮಾನ ಮಾಡಿ ಕೊಟ್ಟಿದ್ದನ್ನೂ ಮಾರ್ಕೊಂಡಿದಾನೆ ನೋಡು ಪುಣ್ಯಾತ್ಮ!" ಎಂದರು ಸೋದರಮಾವ. ಎಲ್ಲರೂ ನಕ್ಕರು. "ನೀನು ಕಾಗದನಗರದೋಳಲ್ವೇನಮ್ಮಾ, ಗೊತ್ತಾ ಈ ಮನುಷ್ಯ?"

"ಇಲ್ಲ, ಗೊತ್ತಿಲ್ಲ" ಎಂದೆ. ಎಂದು ನಾನೂ ನಕ್ಕೆ.

ಸಂಜೆ ಭದ್ರಾವತಿಗೆ, ಕಾಗದನಗರದ ನಮ್ಮ ಮನೆಗೆ ಮರಳಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ನಾನು ನಕ್ಕಿದ್ದೊಂದನ್ನು ಬಿಟ್ಟು. ಅದನ್ನು ಹೇಳಲು ಇಂದಿಗೂ ನನಗೆ ಮುಖವಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಅಂದು ಕೇಳಿದೆ: "ನನ್ನ ಎಂ.ಎ. ಫೀಸು ಕಟ್ಟಿದ ವರ್ಷ ಆ ವಾಚು ನಾಲೆಗೆ ಬಿತ್ತು ಅಂದಿದ್ರಲ್ಲ, ಯಾಕಪ್ಪಾ ಹಾಗಂದ್ರಿ?"