ಗುಡಗೇರಿಗೆ ಹೋದ ತೊಟ್ಟಿಲು

ನಾನು ಶಾಲೆಯ ನೌಕರಿ ಬಿಟ್ಟು ಕಲಘಟಗಿಯಲ್ಲಿ ತಗಡಿನ ಶೆಡ್ಡು ಹಾಕಿದಾಗ, ಟೀಚರು ಅಕ್ಕೋರಿಗೆ ತಲೆ ಕೆಟ್ಟಿದೆ ಎಂದರು ಊರವರು. ಕೆಟ್ಟಿತ್ತೋ ಏನೋ. ನನ್ನ ಹಳೆಯ ವಿದ್ಯಾರ್ಥಿಗಳು, ಪಾಸಾದವರೂ ನಪಾಸಾದವರೂ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ದಿನ ತಳ್ಳುವುದನ್ನು ನೋಡಿ ನೋಡಿ ನನಗೆ ಸಿಟ್ಟು ಬಂದಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲು ಸುತ್ತಲಿನ ಊರಿಗೆಲ್ಲ ಬೇಕು. ಮಾಡುವ ಮನೆತನಗಳು ಮಾತ್ರ ಬೆರಳೆಣಿಕೆ. ಈ ಹುಡುಗರಿಗೂ ಕಲಿಸಿ ಎಂದು ಒಬ್ಬ ಮುದುಕ ಬಡಿಗರ ಬೆನ್ನು ಹತ್ತಿದೆ. ನನ್ನ ಕಾಟ ತಾಳಲಾರದೆ ಒಪ್ಪಿದರು.

ಐವರು ಕಲಿತರು, ಕೊಳ್ಳುವವರೇ ಇಲ್ಲ. ಮೊನ್ನೆ ಮೊನ್ನೆ ಉಳಿ ಹಿಡಿದವರ ತೊಟ್ಟಿಲಲ್ಲಿ ಯಾರು ಕೂಸು ಮಲಗಿಸುತ್ತಾರೆ? ಮೂವರು ಮತ್ತೆ ಕಟ್ಟೆಯ ಕಡೆ ನೋಡತೊಡಗಿದರು. ಅಷ್ಟರಲ್ಲಿ ಗುಡಗೇರಿಯ ನನ್ನ ಗೆಳತಿಯೊಬ್ಬಳ ತಾಯಿ ಮೊಮ್ಮಗನ ನಾಮಕರಣಕ್ಕೆ ತೊಟ್ಟಿಲು ಬೇಕೆಂದು ಹೇಳಿಕಳಿಸಿದರು. ಇದೊಂದು ಸರಿಹೋದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಬೀಗ.

ಅದನ್ನು ಮಾಡಿದವನು ನೇಕಾರರ ಮನೆಯ ಹುಡುಗ, ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಕಳಿಸುವ ಮೊದಲು ತೂಗಿ ನೋಡೋಣ ಎಂದೆ. ಎಲ್ಲರೂ ಕೈ ಹಿಂದೆ ತೆಗೆದರು. ಖಾಲಿ ತೊಟ್ಟಿಲು ತೂಗಬಾರದು, ಕೂಸಿಗೆ ಕೇಡು. ತಮ್ಮ ಕಣ್ಣಳತೆಯೇ ಸಾಕು ಎಂದರು ಬಡಿಗರು. ಹತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು, ಆದರೂ ನನ್ನವ್ವನ ದನಿ ಕಿವಿಯಲ್ಲಿ ಕೇಳಿದಂತಾಗಿ ಸುಮ್ಮನಾದೆ. ಆ ತಪ್ಪು ಪೂರಾ ನನ್ನದು.

ಬಸ್ಸಿನ ಟಾಪಿನ ಮೇಲೆ ಹುಬ್ಬಳ್ಳಿ, ಅಲ್ಲಿಂದ ರೈಲಿನಲ್ಲಿ ಗುಡಗೇರಿ. ಹುಡುಗನೂ ನನ್ನ ಜೊತೆಗೆ ಬಂದ. ನಾಮಕರಣದ ಮನೆಯಲ್ಲಿ ತೊಟ್ಟಿಲನ್ನು ತೊಲೆಗೆ ಕಟ್ಟಿದರು. ಪದ್ಧತಿಯಂತೆ, ಕೂಸಿಗಿಂತ ಮೊದಲು ಕೂಸಿನ ಟೊಪ್ಪಿಗೆಯಾದ ಕುಂಚಿಗೆಯನ್ನು ತೊಡಿಸಿದ ಗುಂಡುಕಲ್ಲನ್ನು ಮಲಗಿಸಿ ಹೆಂಗಸರು ಹಾಡುತ್ತ ತೂಗಿದರು. ಮೂರನೆಯ ತೂಗಿಗೆ ಮೂಲೆಯ ಬೆಣೆ ಕಳಚಿತು. ತೊಟ್ಟಿಲು ವಾಲಿ, ಕಲ್ಲು ನೆಲಕ್ಕೆ ಬಿತ್ತು. ಹಾಡು ನಿಂತಿತು.

ಅಜ್ಜಿ ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದರು. "ಕೂಸು ಇದ್ದಿದ್ದರ?"

ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು. ಕ್ಷಮೆ ಕೇಳಿ ತೊಟ್ಟಿಲು ಹೊತ್ತುಕೊಂಡು ಹೋಗಿಬಿಡುವುದೇ ಮರ್ಯಾದೆಯ ದಾರಿ. ಹಾಗೆ ಹೋದರೆ ಆ ಐವರು ಮತ್ತೆಂದೂ ಉಳಿ ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು.

"ನಾನು ತೂಗಿ ನೋಡಿರಲಿಲ್ಲರಿ, ತಪ್ಪು ನಂದು," ಎಂದೆ. "ಇಲ್ಲೇ ಸರಿ ಮಾಡಿಸ್ತೀನಿ, ಇಲ್ಲೇ ತೂಗಿ ನೋಡೂಣು."

ಅಂಗಳದಲ್ಲಿ ಬೆವರುತ್ತ ನಿಂತಿದ್ದ ಹುಡುಗನನ್ನು ಹೆಂಗಸರ ನಡುವೆಯೇ ಒಳಗೆ ಕರೆದೆ. ಬೆಣೆ ಅರ್ಧ ಬೆರಳು ಗಿಡ್ಡವಾಗಿತ್ತು. ಹಿತ್ತಲಿನ ಜಾಲಿಯ ತುಂಡು ಕೆತ್ತಿ ಹೊಸದು ಬಡಿದ. ಉಳಿದ ಮೂರನ್ನೂ ನಾನು ಹೇಳದೆಯೇ ಕಿತ್ತು ಬದಲಿಸಿದ. ಅಜ್ಜಿ ಒಂದರ ಬದಲು ಎರಡು ಕಲ್ಲು ಇಡಿಸಿದರು; ತೂಗಲು ಹೆಂಗಸರನ್ನು ಬಿಡದೆ ಹುಡುಗನ ಕಡೆ ತಿರುಗಿದರು.

"ಮಾಡಿದಾಂವ ನೀನಲ್ಲೇನು? ನೀನ ತೂಗು."

ಅವನು ತೂಗಿದ. ಹೆಂಗಸರು ಮತ್ತೆ ಮೊದಲಿನಿಂದ ಹಾಡಿದರು, ಇಡೀ ಹಾಡು. ತೊಟ್ಟಿಲು ಕಿರ್ ಎನ್ನಲಿಲ್ಲ. ಅಜ್ಜಿ ನಾಲ್ಕೂ ಮೂಲೆ ಹಿಡಿದು ಅಲುಗಾಡಿಸಿ ನೋಡಿ, ಕಲ್ಲುಗಳನ್ನು ತೆಗೆದು ಮೊಮ್ಮಗನನ್ನು ಮಲಗಿಸಿದರು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

ಊಟ ಮುಗಿಸಿ ಹೊರಟಾಗ ಅಜ್ಜಿ ಹುಡುಗನ ಕೈಯಲ್ಲಿ ಒಂದು ಗುಂಡುಕಲ್ಲು ಇಟ್ಟರು.

"ಸಣ್ಣ ಮಗಳಿಗೂ ಏಳು ತಿಂಗಳ ನಡದಾವು," ಎಂದರು ನನಗೆ. "ಇನ್ನೊಂದು ಮಾಡ್ರಿ. ಈ ಸಲ ಈ ಕಲ್ಲು ಮಲಗಿಸಿ ನಿಮ್ಮಲ್ಲೇ ತೂಗಿ ನೋಡಿ ತರ್ರಿ."