ಕೆಂಚಮ್ಮಜ್ಜಿ ಕೇಳಿದ ಹೆಸರು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಹಿರಿಯೂರು ತಾಲ್ಲೂಕಿನಲ್ಲಿ ಸರ್ವೆಯರ್ ಆಗಿದ್ದೆ. ಅಣ್ಣತಮ್ಮಂದಿರ ಬದುವಿನ ಜಗಳ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಭಾನುವಾರವಾದರೂ ಬಾಯಿಲ್ಲದ ಕಲ್ಲುಗಳ ಜೊತೆ ಇರೋಣವೆಂದು ಚಿತ್ರದುರ್ಗದ ಇತಿಹಾಸ ಆಸಕ್ತರ ಸಂಘವೊಂದನ್ನು ಸೇರಲು ಹೋದೆ.

ಅಧ್ಯಕ್ಷರು ತಿಪ್ಪೇಸ್ವಾಮಿ ಮೇಷ್ಟ್ರು, ಹೊಳಲ್ಕೆರೆಯವರು. "ಚಂದಾ ಆಮೇಲೆ ಕೊಡ್ರಿ. ಮೊದ್ಲು ನಾವ್ಯಾರೂ ಕಾಣದ ಒಂದು ಕಲ್ಲು ತೋರಿಸ್ರಿ," ಎಂದರು. ಸಂಘದ ಪದ್ಧತಿಯೇ ಅದು. ಹೊಸ ಸದಸ್ಯ ತೋರಿಸಿದ ಕಲ್ಲಿಗೆ ಊರವರ ಎದುರು ಹಾರ ಹಾಕಿ ಅದರ ಹಿರಿಮೆ ಸಾರುತ್ತಿದ್ದರು. ಹಾಗೆ ಮಾಡಿದರೆ ಅದನ್ನು ಯಾರೂ ಬಟ್ಟೆ ಒಗೆಯಲು ಎಳೆದೊಯ್ಯುವುದಿಲ್ಲ ಎನ್ನುವುದು ಮೇಷ್ಟ್ರ ನಂಬಿಕೆ.

ನನ್ನ ಬಳಿ ಕಲ್ಲಿತ್ತು. ಜವನಗೊಂಡನಹಳ್ಳಿ ಕಡೆ ಅಳತೆಗೆ ಹೋದಾಗ ಒಂದು ಹಳ್ಳಿಯ ಹೊರಗೆ ವೀರಗಲ್ಲು ಕಂಡಿದ್ದೆ. ಮೇಲೆ ಬಿಲ್ಲು ಹಿಡಿದ ವೀರ, ಕೆಳಗೆ ಶಾಸನ, ಅದರಲ್ಲೂ ಅರ್ಧ ಮಣ್ಣಿನೊಳಗೆ. ಪಕ್ಕದ ಹೊಲದ ಕೆಂಚಮ್ಮಜ್ಜಿಯ ಮನೆಯವರು ತಲೆತಲಾಂತರದಿಂದ ಅದಕ್ಕೆ ದೀಪ ಹಚ್ಚುತ್ತಿದ್ದರು.

"ಇವನು ನಮ್ಮ ಮನೆ ಹಿರೀಕ ಅಂತಾರೆ ಸಾಹೇಬ್ರೆ. ಹೆಸ್ರು ಮಾತ್ರ ಯಾರಿಗೂ ಗೊತ್ತಿಲ್ಲ. ಓದಿ ಹೇಳ್ರಿ, ಸಾಯೋದ್ರೊಳಗೆ ಒಂದ್ಸಲ ಬಾಯ್ತುಂಬ ಕರೀತೀನಿ," ಎಂದಳು ಅಜ್ಜಿ.

ಸಂಘದವರೆಲ್ಲ ಹೋದೆವು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದೆವು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಿ ಒಬ್ಬ ಸತ್ತ ಎಂಬಷ್ಟು ಓದಲು ಸಿಕ್ಕಿತು. ಯಾರು ಎನ್ನುವುದು ಮಣ್ಣಿನೊಳಗಿನ ಸಾಲುಗಳಲ್ಲಿತ್ತು. ಅಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೇಷ್ಟ್ರು ಅದರಲ್ಲಿ ಬಲು ಕಟ್ಟುನಿಟ್ಟು. ಇನ್ನೊಮ್ಮೆ ಬಂದು ಓದೋಣವೆಂದು ನಮಗಷ್ಟೇ ಹೇಳಿ ಹಾರ ಹಾಕಿದರು.

"ಇಂಥ ವೀರನ್ನ ಹಿಂಗೆ ಬಿಸಿಲು ಮಳೆಗೆ ಬಿಟ್ಟೀರಲ್ಲ, ನಾಚಿಕೆ ಆಗಲ್ವೇನ್ರಪ್ಪ?" ಎಂದು ಮೇಷ್ಟ್ರು ಗದರಿದರು. ಊರವರು ತಲೆ ತಗ್ಗಿಸಿದರು. ನಾವು ಚಪ್ಪಾಳೆ ತಟ್ಟಿದೆವು.

ಅನುಮತಿ ಕೈಗೆ ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಹೋಗಿ ನೋಡಿದರೆ, ಅಯ್ಯೋ ಶಿವನೇ! ಅಲ್ಲೊಂದು ಗುಡಿ ಎದ್ದಿತ್ತು. ಗೋಡೆಗೆ ಬಚ್ಚಲುಮನೆಯ ಟೈಲ್ಸ್, ವೀರನ ಮೈಗೆ ಹಳದಿ ಪೇಂಟ್. ಕಲ್ಲು ಅಲುಗದಿರಲೆಂದು ವೀರನ ಪಾದದವರೆಗೂ ಕಾಂಕ್ರೀಟ್ ಸುರಿದಿದ್ದರು. ಒಡೆಯಲು ಹೋದರೆ ಕಲ್ಲೇ ಸೀಳುತ್ತದೆ ಎಂದ ಗಾರೆ ಮೇಸ್ತ್ರಿ.

ಕೆಂಚಮ್ಮಜ್ಜಿ ಹಿಗ್ಗಿನಿಂದ ಬಂದಳು. "ಮೇಷ್ಟ್ರು ಬೈದಿದ್ದಕ್ಕೆ ಊರೋರ ಕೈಕಾಲು ಹಿಡ್ದು ಕಟ್ಟಿಸ್ದೆ. ಈಗ ಓದ್ರಿ ಸ್ವಾಮಿ, ಹೆಸ್ರೇನು?"

ಮೇಷ್ಟ್ರು ನನ್ನತ್ತ ತಿರುಗಿದರು. ನಾನೇ ಹೇಳಿದೆ. "ಅದು ಕೆಳಗಿನ ಸಾಲಿನಾಗಿತ್ತಜ್ಜಿ. ಈಗ ಕಾಂಕ್ರೀಟ್ ಒಳಗೈತೆ."

ಅಜ್ಜಿ ಬಗ್ಗಿ ಆ ಕಟ್ಟೆಯನ್ನು ಸವರಿದಳು. "ಹೆಸ್ರು ಮಣ್ಣಾಗೈತೆ, ಮುಟ್ಟಬ್ಯಾಡ್ರಿ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತೇನ್ರಿ?" ಎಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ನಮ್ಮ ಸಂಘ ಯಾವ ಕಲ್ಲಿಗೂ ಹಾರ ಹಾಕುವುದಿಲ್ಲ. ಹೊಗಳುವ ಮೊದಲು, ಏನು ಮಾಡಬಾರದು ಎಂಬುದನ್ನು ಊರವರ ಜೊತೆ ಕೂತು ಹೇಳುತ್ತೇವೆ. ಕಲ್ಲನ್ನು ಕಾಯುವವರು ಅವರೇ, ನಾವು ಭಾನುವಾರದ ನೆಂಟರು. ಹೋದ ವರ್ಷ ಕೆಂಚಮ್ಮಜ್ಜಿ ತೀರಿಕೊಂಡಳು, ಹೆಸರು ತಿಳಿಯದೆಯೇ.