ಸಾವಿನ ಕಾರ್ಡಿಗೆ ಕೂತ ಅತ್ತೆ

ಭವಿಷ್ಯ ಹೇಳುವ ಟ್ಯಾರೋ ಕಾರ್ಡಿನ ಕಟ್ಟಿನಲ್ಲಿ ಸಾವಿನದೂ ಒಂದು ಚಿತ್ರವಿರುತ್ತದೆ: ಕುದುರೆ ಏರಿ ಬಾವುಟ ಹಿಡಿದ ಅಸ್ಥಿಪಂಜರ. ಇಪ್ಪತ್ತು ವರ್ಷದ ಹಿಂದೆ ಚಿತ್ರಗಾತಿ ತನ್ನದೇ ಕಟ್ಟು ಬರೆಯುವಾಗ ಮನೆಮಂದಿಯನ್ನೆಲ್ಲ ಮಾದರಿಗೆ ಹಿಡಿದು ಕೂರಿಸಿದ್ದಳು. ಗಂಡ ಚಕ್ರವರ್ತಿಯಾದ, ನಾದಿನಿ ಚಂದ್ರನಾದಳು. ಸಾವಾಗಿ ಕೂರಿ ಅಂದದ್ದೇ ತಡ, ಎಲ್ಲರೂ ಮೂಗು ಮುರಿದು ಜಾಗ ಖಾಲಿ ಮಾಡಿದರು. "ಪುಕ್ಕಲರು!" ಅಂತ ಅತ್ತೆಯೇ ಸೋಫಾದ ಕೈ ಮೇಲೆ ಕುದುರೆ ಏರಿದಂತೆ ಕೂತು, ಬಾವುಟದ ಬದಲು ಪೊರಕೆ ಎತ್ತಿ ಹಿಡಿದರು. "ಸಾವು ನಾನೇ ಆದ್ಮೇಲೆ ನನ್ನ ಕರ್ಕೊಂಡು ಹೋಗೋಕೆ ಬರೋರು ಯಾರೇ?" ಅಂದು ಬಿದ್ದು ಬಿದ್ದು ನಕ್ಕರು.

ಅದೇ ನಗು ಕಾರ್ಡಿಗೂ ಬಂತು. ಕಟ್ಟುಗಳೆಲ್ಲ ಖರ್ಚಾಗಿ, ಕೇಳುವವರ ಕಾಟ ಹೆಚ್ಚಾಗಿ, ಈಗ ಪ್ರಕಾಶಕ ಮತ್ತೆ ಅಚ್ಚು ಹಾಕಿಸಲು ಹೊರಟಿದ್ದ. ಚಿತ್ರಗಾತಿಗೋ ಸಂಭ್ರಮವೇ ಸಂಭ್ರಮ. ಊಟದ ಮೇಜನ್ನೂ ಬಿಡದೆ ಬಣ್ಣದ ಡಬ್ಬಿ ಹರಡಿಕೊಂಡು ಹಳೇ ತಪ್ಪು ತಿದ್ದುತ್ತಾ ಕೂತುಬಿಟ್ಟಳು. ಚಕ್ರವರ್ತಿಗೆ ಎರಡೂ ಎಡಗೈಯೇ ಇದ್ದವು, ಒಂದನ್ನು ಬಲಗೈ ಮಾಡಿದಳು. "ಹೊಟ್ಟೇನೂ ಸ್ವಲ್ಪ ಒಳಗೆ ತಳ್ಳೇ," ಅಂತ ಗಂಡ ಗೋಗರೆದ. "ಅದು ತಪ್ಪಲ್ಲ, ನಿಜ," ಅಂದಳು.

ತಕರಾರು ಬಂದದ್ದು ಸಾವಿನದು. "ಮೇಡಂ, ಸಾವು ಅಂದ್ರೆ ಭಯ ಆಗ್ಬೇಕು. ಇದು ಮದುವೆಗೆ ಕರೆಯೋಕೆ ಬಂದ ಹಾಗಿದೆ," ಅಂದ ಪ್ರಕಾಶಕ. ಆಯ್ತಪ್ಪ ಅಂತ ಅವಳು ಅಸ್ಥಿಪಂಜರ ಬರೆದು, ಒಣಗಲು ಕಿಟಕಿಗೆ ಸಿಕ್ಕಿಸಿದಳು.

ಎಂಬತ್ತು ದಾಟಿದ ಅತ್ತೆ ಕಾಫಿ ಲೋಟ ಹಿಡಿದು ಬಂದವರು ಅದರ ಮುಂದೆ ನಿಂತರು.

"ಯಾರೇ ಇವನು?"

"ಹೊಸಬ, ಅತ್ತೆ."

"ಹಾಗಾದ್ರೆ ನನ್ನ ಕೆಲಸ ಹೋಯ್ತು ಅನ್ನು."

ತಮಾಷೆ ಅಂದುಕೊಂಡಳು. ಎಲ್ಲಿಯ ತಮಾಷೆ! ಆ ವಾರವೇ ಅತ್ತೆಗೆ ಜ್ವರ ಬಂತು. ಡಾಕ್ಟರು ಏನೂ ಇಲ್ಲ ಅಂದರು, ಜ್ವರವೂ ಇಳಿಯಿತು. ಆದರೆ ಗೋಡೆ ಕಡೆ ತಿರುಗಿ ಮಲಗಿದ ಅತ್ತೆ ಮಾತ್ರ ಏಳಲಿಲ್ಲ. ತುತ್ತು ತಂದರೆ, "ಸಾಕಮ್ಮ, ನನ್ನ ಲೆಕ್ಕ ಮುಗೀತಲ್ಲ," ಅನ್ನುತ್ತಿದ್ದರು.

"ಕಾರ್ಡು ಬರೆಯೋದು ನನ್ನ ಕೆಲಸ, ನಂಬೋದು ಕೊಂಡವರ ಕೆಲಸ" ಅಂತ ಇಷ್ಟು ದಿನ ಜಂಬ ಕೊಚ್ಚಿದವಳಿಗೆ ಈಗ ಕಿಟಕಿ ಕಡೆ ನೋಡಲೇ ಭಯ. ಮದುವೆಯಾದ ಹೊಸದರಲ್ಲಿ, "ಅಡುಗೆ ನಾನು ನೋಡ್ಕೋತೀನಿ, ನೀನು ಹೋಗಿ ಬರಿ," ಅಂತ ಕುಂಚ ಕೈಗಿಟ್ಟವರು ಈ ಅತ್ತೆ. ಅವರಿಲ್ಲದ ಮನೆಯನ್ನು ನೆನೆಸಿಕೊಂಡರೇ ಅಳು ಬಂತು. ದಡಕ್ಕನೆ ಎದ್ದು ಅಸ್ಥಿಪಂಜರವನ್ನು ಕಿತ್ತು ಕಸದ ಬುಟ್ಟಿಗೆ ತುರುಕಿದಳು. ಪೊರಕೆ ಹಿಡಿದು ಅತ್ತೆಯ ಕೋಣೆಗೆ ನುಗ್ಗಿದಳು.

"ಏಳಿ ಅತ್ತೆ, ಡ್ಯೂಟಿಗೆ ಹೊತ್ತಾಯ್ತು."

"ಆ ಹೊಸಬ?"

"ಅವನಿಗೆ ಕೆಲಸ ಬರಲ್ಲ. ಓಡಿಸಿದೆ."

ಅತ್ತೆ ಮೆಲ್ಲಗೆ ಈ ಕಡೆ ತಿರುಗಿದರು. "ಮೊದಲು ಹಲ್ಲಿನ ಸೆಟ್ಟು ಕೊಡು. ಬೊಚ್ಚುಬಾಯಲ್ಲಿ ನಾನು ಕುದುರೆ ಹತ್ತಲ್ಲ."

ಹೊಸ ಚಿತ್ರ ನೋಡಿ ಪ್ರಕಾಶಕ ಫೋನಿನಲ್ಲಿ ಹಾರಾಡಿದ. "ಈ ಸಲ ಇನ್ನೂ ಜಾಸ್ತಿ ನಗ್ತಿದೆಯಲ್ಲ ಮೇಡಂ!"

"ನಗಲಿ ಬಿಡಿ. ಅವರಿಲ್ಲ ಅಂದ್ರೆ ಕಟ್ಟೂ ಇಲ್ಲ," ಅಂದು ಫೋನಿಟ್ಟಳು. ಅವನು ಗೊಣಗಿಕೊಂಡೇ ಅಚ್ಚು ಹಾಕಿಸಿದ.

ಹೊಸ ಕಟ್ಟು ಬಂದ ದಿನ ಅತ್ತೆ ತಮ್ಮ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕುದುರೆ ಬಡಕಲಾಯ್ತು ಕಣೇ," ಅಂದರು ಕೊನೆಗೆ. "ಇನ್ನಿಪ್ಪತ್ತು ವರ್ಷಕ್ಕೆ ಮತ್ತೆ ತಿದ್ದುತ್ತೀಯಲ್ಲ, ಆಗ ನನ್ನನ್ನ ಚೆನ್ನಾಗಿ ಮೇಯ್ದಿರೋ ಕುದುರೆ ಮೇಲೆ ಕೂರಿಸು."